ನಮ್ಮ ಉದ್ಯೋಗದ ಹೆಸರಲ್ಲಿ ಮುಚ್ಚುವ ಹೊಂಡಗಳು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಕರ್ನಾಟಕದ ರಾಮ್ಸಾರ್ ತಾಣಗಳು ಬಾಯಿಪಾಠ. 2022ರಲ್ಲಿ ರಂಗನತಿಟ್ಟು, 2024ರ ಜನವರಿಯಲ್ಲಿ ಘೋಷಣೆಯಾದ ಅಂಕಸಮುದ್ರ, ಮಾಗಡಿ ಕೆರೆ, ಅಘನಾಶಿನಿ ಅಳಿವೆ. ನಾಲ್ಕು ಹೆಸರು, ಒಂದು ಅಂಕ. ಆದರೆ ಕರಾವಳಿಯ ಮುರಕಲ್ಲಿನ ಗುಡ್ಡಗಳ ನೆತ್ತಿಯಲ್ಲಿ ಜೂನ್‌ನಲ್ಲಿ ತುಂಬಿ, ವರ್ಷ ಮುಗಿಯುವಷ್ಟರಲ್ಲಿ ಒಣಗುವ ಗೇಣು ಆಳದ ಹೊಂಡಗಳೂ ಜೌಗುನೆಲವೇ ಎಂಬುದನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳಿದ್ದನ್ನು ನಾನು ಕಂಡಿಲ್ಲ.

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆ ಇಂಥ ಚಪ್ಪಟೆ ಗುಡ್ಡಗಳಿಗೆ ಪದವು ಅನ್ನುತ್ತಾರೆ. ಬೇಸಿಗೆಯಲ್ಲಿ ನೋಡಿದರೆ ಕಾದ ಕಲ್ಲು, ಒಣಹುಲ್ಲು ಅಷ್ಟೇ. ವರ್ಷಕ್ಕೆ ಸುಮಾರು 4,000 ಮಿ.ಮೀ. ಸುರಿಯುವ ಮಳೆ ಕಲ್ಲಿನ ತಗ್ಗುಗಳಲ್ಲಿ ನಿಂತಾಗಲೇ ಅದರ ಅಸಲಿ ರೂಪ ಗೊತ್ತಾಗುವುದು. ಅಲ್ಲಿನ ಮಣ್ಣು ಬೆರಳಿನಷ್ಟು ದಪ್ಪವೂ ಇರುವುದಿಲ್ಲ, ಅದರಲ್ಲಿ ಸತ್ವವೂ ಕಡಿಮೆ. ಹಾಗಾಗಿ ಅಲ್ಲಿ ಬೆಳೆಯುವ ಕೆಲವು ಗಿಡಗಳು ಹೊಟ್ಟೆಪಾಡಿಗೆ ಬೇಟೆಯಾಡುತ್ತವೆ! ಯುಟ್ರಿಕ್ಯುಲೇರಿಯಾ ಎಂಬ ನೀಲಿ ಹೂವಿನ ಪುಟ್ಟ ಗಿಡಕ್ಕೆ ನೀರು, ಕೆಸರಿನೊಳಗೆ ಸಣ್ಣ ಸಣ್ಣ ಚೀಲಗಳಿವೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿ ಬಾಗಿಲು ತಾಗಿಸಿದರೆ ಸಾಕು, ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಬೇಗ ಚೀಲ ಅದನ್ನು ಒಳಗೆಳೆದುಕೊಳ್ಳುತ್ತದೆ. ಮರಾಠಿಯವರು ಈ ಹೂವಿಗೆ ಸೀತೆಯ ಕಣ್ಣೀರು ಎಂಬರ್ಥದ ಹೆಸರಿಟ್ಟಿದ್ದಾರೆ. ಮಲಯಾಳಿಗಳಿಗೆ ಇದು ಕಾಕ್ಕಪ್ಪೂ, ಓಣಂ ಹೂವಿನ ರಂಗೋಲಿಗೆ ಬೇಕೇ ಬೇಕು.

ಒಂದೇ ಹೊಂಡದಲ್ಲೂ ಎಲ್ಲ ಗಿಡಗಳು ಎಲ್ಲೆಂದರಲ್ಲಿ ಬೆಳೆಯುವುದಿಲ್ಲ. ನಡುವೆ ನೀರು ಹೆಚ್ಚಿರುವಲ್ಲಿ ತೇಲುವ ಎಲೆಯ ನಿಂಫಾಯ್ಡಿಸ್. ಅಂಚಿನ ಕೆಸರಲ್ಲಿ ಬಿಳಿ ಗುಂಡಿಯಂಥ ತಲೆಯೆತ್ತುವ ಎರಿಯೊಕಾಲಾನ್. ಸ್ವಲ್ಪ ಆಚೆಯ ತೇವದಲ್ಲಿ ಅಂಟುಹನಿಯಿಂದ ಕೀಟ ಹಿಡಿಯುವ ಡ್ರೊಸೆರಾ. ನೀರು ಇಳಿಯುತ್ತ ಹೋದಂತೆ ಹೂವಿನ ಗಡಿಯೂ ಒಳಗೆ ಸರಿಯುತ್ತದೆ. ಕೊನೆಗೆ ಎಲ್ಲ ಒಣಗಿ, ಮುಂದಿನ ಮಳೆಯವರೆಗೆ ಬೀಜಗಳು ಆ ತೆಳು ಮಣ್ಣಲ್ಲೇ ಕಾಯುತ್ತವೆ. ಒಣಗುವುದೇ ಈ ಗಿಡಗಳ ಬದುಕಿನ ಗುಟ್ಟು. ಆದ್ದರಿಂದಲೇ ಯಾರೋ ಒಳ್ಳೆಯ ಮನಸ್ಸಿನಿಂದ 'ಕೆರೆ ಅಭಿವೃದ್ಧಿ' ಎಂದು ಜೆಸಿಬಿ ತಂದು ಹೊಂಡ ಆಳ ಮಾಡಿದರೂ ಈ ಲೋಕ ಮುಗಿಯಿತು. ವರ್ಷಪೂರ್ತಿ ನೀರು ನಿಂತರೆ ಬಲವಾದ ಕಳೆ, ಜೊಂಡು ಬಂದು ಕೂರುತ್ತವೆ. ನೀರಿದ್ದರೆ ಸಾಕು, ಎಲ್ಲವೂ ಹಸಿರು ಎಂಬ ನಮ್ಮ ತಿಳಿವಳಿಕೆ ಇಲ್ಲಿ ನಡೆಯುವುದಿಲ್ಲ.

ಕಣ್ಣೂರು ಜಿಲ್ಲೆಯ ಮಾಡಾಯಿಪಾರ ಇಂಥದ್ದೇ ಗುಡ್ಡ. ಅಲ್ಲಿ ಸಿಕ್ಕ ಒಂದು ಎರಿಯೊಕಾಲಾನ್, ಒಂದು ಲಿಂಡರ್ನಿಯಾ ಈ ಶತಮಾನದಲ್ಲಷ್ಟೇ ಸಸ್ಯಶಾಸ್ತ್ರಕ್ಕೆ ಗೊತ್ತಾದವು. ಎರಡರ ಹೆಸರಲ್ಲೂ ಮಾಡಾಯಿಪಾರ ಇದೆ. ಹಾಗಿದ್ದ ಮೇಲೆ ನಮ್ಮ ಪದವುಗಳಲ್ಲಿ ಏನೇನಿದೆಯೋ!

ಕೋಪ ಬರುವುದು ಇಲ್ಲಿ. ಸರ್ಕಾರದ ದಾಖಲೆಯ ಭಾಷೆಯಲ್ಲಿ ಬೋಳು ಕಲ್ಲುನೆಲ ಎಂದರೆ ಪಾಳು ಭೂಮಿ. ದೇಶದ ಜೌಗುನೆಲದ ಅಟ್ಲಾಸ್ ಗಡಿ ಗುರುತಿಸಿ ನಕ್ಷೆ ಮಾಡಿದ್ದು 2.25 ಹೆಕ್ಟೇರಿಗಿಂತ ದೊಡ್ಡವನ್ನು; ಅದಕ್ಕಿಂತ ಚಿಕ್ಕವು ಬರೀ ಚುಕ್ಕಿ. ನಮ್ಮ ಎಷ್ಟೋ ಹೊಂಡಗಳು ಚುಕ್ಕಿಗೂ ಸಿಗದಷ್ಟು ಚಿಕ್ಕವು. 2017ರ ಜೌಗುನೆಲ ನಿಯಮಗಳ ರಕ್ಷಣೆಯೂ ರಾಮ್ಸಾರ್ ತಾಣಗಳಿಗೆ ಮತ್ತು ಅಧಿಸೂಚನೆಯಾದವಕ್ಕೆ ಮಾತ್ರ. ಹೀಗಾಗಿ ಕಲ್ಲುಕೋರೆಗೆ, ಲೇಔಟಿಗೆ, ಕೈಗಾರಿಕೆಗೆ ಮೊದಲು ಕಣ್ಣಿಗೆ ಬೀಳುವುದು ಪದವೇ. ಕೇಳಿದರೆ 'ಯುವಕರಿಗೆ ಉದ್ಯೋಗ' ಎಂಬ ಉತ್ತರ ಸಿದ್ಧವಾಗಿರುತ್ತದೆ.

ನನಗೂ ಕೆಲಸ ಬೇಕು. ಡಿಗ್ರಿ ಮುಗಿಸಿ ಅರ್ಜಿ ಹಾಕುತ್ತ ಕೂತವರ ಕಷ್ಟ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕಾರ್ಖಾನೆಯೇ ಬೇಡ ಎಂದು ನಾನು ಹೇಳುವುದೂ ಇಲ್ಲ. ಬಜ್ಪೆಯ ವಿಮಾನ ನಿಲ್ದಾಣ ನಿಂತಿರುವುದೂ ಗುಡ್ಡದ ನೆತ್ತಿಯ ಮೇಲೆಯೇ, ಅದರಿಂದ ನಮಗೆ ಅನುಕೂಲವೂ ಆಗಿದೆ. ಆದರೆ ಜಾಗ ಕೊಡುವ ಮುನ್ನ ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿ ಎಂದು ಕೇಳಲೂ ಬಾರದೇ? ಮೇ ತಿಂಗಳಲ್ಲಿ ಸರ್ವೆ ಮಾಡಿ 'ಸಸ್ಯಸಂಪತ್ತು ಇಲ್ಲ' ಎಂದು ಬರೆದರೆ, ಅದು ಅಮಾವಾಸ್ಯೆಯ ರಾತ್ರಿ ಚಂದ್ರನೇ ಇಲ್ಲ ಎಂದಂತೆ.

ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಅದರಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಒಂದು ದಾಖಲಾತಿ ಪುಸ್ತಕ ಇರಬೇಕು. ಬಿಎಸ್ಸಿ ಓದುತ್ತಿರುವ ಗೆಳೆಯರೇ, ಪ್ರಾಜೆಕ್ಟಿಗೆ ವಿಷಯ ಸಿಗುತ್ತಿಲ್ಲ ಎಂದು ಹಳೆಯ ರಿಪೋರ್ಟ್ ನಕಲು ಮಾಡುವ ಬದಲು ಆ ಪುಸ್ತಕವನ್ನು ಒಮ್ಮೆ ಕೇಳಿ ನೋಡಿ. ನಿಮ್ಮೂರ ಪದವಿನ ಹೊಂಡ ಅದರಲ್ಲಿದೆಯೇ? ಇಲ್ಲದಿದ್ದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ಹೋಗಿ, ಮೊಬೈಲ್‌ನಲ್ಲಿ ಚಿತ್ರ ತೆಗೆದು, ತಾರೀಖು, ನೀರಿನ ಆಳ ಬರೆದು, ಹೆಸರು ಗುರುತಿಸಲು ನಿಮ್ಮ ಉಪನ್ಯಾಸಕರನ್ನು ಜೊತೆಗೆ ಕರೆದುಕೊಳ್ಳಿ. ಹಳೆಯ ಹೆಸರುಗಳಿಗೆ ದನ ಮೇಯಿಸುವ ಅಜ್ಜಂದಿರನ್ನು ಕೇಳಿ. ಆಮೇಲೆ ಅದನ್ನು ಪಂಚಾಯಿತಿಗೆ ಕೊಟ್ಟು, ಮರೆಯದೆ ಸ್ವೀಕೃತಿ ಪತ್ರ ತೆಗೆದುಕೊಳ್ಳಿ. ನಾಳೆ ಯಾರಾದರೂ ಅಲ್ಲಿ ಏನೂ ಇರಲಿಲ್ಲ ಎಂದರೆ ತೋರಿಸಲು ಅದೊಂದಾದರೂ ಕಾಗದ ಇರುತ್ತದೆ.