ಯಾವುದು ಬಂದೂಕು, ಯಾವುದು ಬರೀ ಬಿಡಿಭಾಗ? ಪುಟ್ಟ ರೈಫಲ್ ಮುಂದೆ ತಡವರಿಸುವ ಅಮೆರಿಕದ ಕಾನೂನು

ಅಮೆರಿಕದ ರುಗರ್ ಕಂಪನಿ 1964ರಲ್ಲಿ ಒಂದು ಸಣ್ಣ ರೈಫಲನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರು 10/22. ಹತ್ತು ಗುಂಡಿನ ಮ್ಯಾಗಜಿನ್, .22 ಅಳತೆಯ ತೋಟಾ. ಅಳಿಲು, ಮೊಲದ ಬೇಟೆಗೆ, ಖಾಲಿ ಡಬ್ಬಿಗೆ ಗುರಿ ಇಡೋದಕ್ಕೆ, ಮಕ್ಕಳಿಗೆ ಮೊದಲ ಸಲ ಬಂದೂಕು ಹಿಡಿಯೋದು ಕಲಿಸೋದಕ್ಕೆ ಅಲ್ಲಿನ ಜನ ಕೊಳ್ಳುವ ರೈಫಲ್ ಇದು. ಈವರೆಗೆ 50 ಲಕ್ಷಕ್ಕೂ ಹೆಚ್ಚು ತಯಾರಾಗಿವೆ.

ಬಂದೂಕು ಹಿಂಸೆಯ ಚರ್ಚೆ ಬಂದಾಗಲೆಲ್ಲ ಟಿವಿ ಪರದೆ ಮೇಲೆ ಕಾಣಿಸೋದು ಎಆರ್-15. ಈ 10/22 ಕಡೆ ಯಾರೂ ತಿರುಗಿ ನೋಡಲ್ಲ. ಆದರೆ ಅಮೆರಿಕದ ಬಂದೂಕು ಕಾನೂನು ಪದೇ ಪದೇ ಯಾಕೆ ಎಡವುತ್ತೆ ಅನ್ನೋದು ಅರ್ಥವಾಗಬೇಕಾದರೆ ಈ ಪುಟ್ಟ ರೈಫಲನ್ನೇ ಬಿಚ್ಚಿ ನೋಡಬೇಕು.

ಸ್ಕ್ರೂ ಬಿಚ್ಚಿದರೆ ಆಯ್ತು

.22 ತೋಟಾವನ್ನು ರಿಮ್‌ಫೈರ್ ಅಂತಾರೆ. ಅದರಲ್ಲಿ ಕಿಡಿ ಹುಟ್ಟಿಸುವ ಮದ್ದು ತೋಟಾದ ತಳದ ಅಂಚಿನೊಳಗಿರುತ್ತೆ. ದೊಡ್ಡ ರೈಫಲ್‌ಗಳ ತೋಟಾದಲ್ಲಿ ಅದು ತಳದ ನಡುವೆ ಇರುತ್ತೆ, ಹಾಗಾಗಿ ಅವು ಸೆಂಟರ್‌ಫೈರ್. ರಿಮ್‌ಫೈರ್ ತೋಟಾ ಅಗ್ಗ, ಒದೆತ ಕಡಿಮೆ, ಸದ್ದೂ ಕಡಿಮೆ. ಹಾಗಂತ ಇದು ಆಟಿಕೆಯಲ್ಲ. 1968ರಲ್ಲಿ ರಾಬರ್ಟ್ ಕೆನಡಿಯನ್ನು ಕೊಂದದ್ದೂ, 1981ರಲ್ಲಿ ರೊನಾಲ್ಡ್ ರೇಗನ್‌ಗೆ ಹೊಕ್ಕಿದ್ದೂ .22 ರಿವಾಲ್ವರ್‌ನ ಗುಂಡೇ.

10/22ರ ಜನಪ್ರಿಯತೆಗೆ ಕಾರಣ ಅದರ ವಿನ್ಯಾಸ. ನಳಿಗೆಯನ್ನು ಹಿಡಿದಿರೋದು ಎರಡು ಸ್ಕ್ರೂ ಮತ್ತು ವಿ ಆಕಾರದ ಒಂದು ಲೋಹದ ತುಂಡು. ಟ್ರಿಗರ್ ಇರುವ ಭಾಗವನ್ನು ಹಿಡಿದಿರೋದು ಎರಡು ಪಿನ್. ಮನೆಯ ಮೇಜಿನ ಮೇಲೆ, ಕೈ ಅಳತೆಯ ಉಪಕರಣಗಳಲ್ಲಿ ಇಡೀ ರೈಫಲನ್ನು ಬಿಚ್ಚಿ ಮತ್ತೆ ಜೋಡಿಸಬಹುದು. ಇದನ್ನೇ ನಂಬಿಕೊಂಡು ಒಂದು ಉದ್ಯಮ ಬೆಳೆಯಿತು. ವೋಲ್ಕ್ವಾರ್ಟ್ಸನ್, ಕಿಡ್, ಬ್ರೌನೆಲ್ಸ್‌ನಂಥ ಕಂಪನಿಗಳು ನಳಿಗೆ, ಟ್ರಿಗರ್, ಬೋಲ್ಟ್, ಸ್ಟಾಕ್, ಕೊನೆಗೆ ಇವೆಲ್ಲವನ್ನೂ ಒಟ್ಟಿಗೆ ಹಿಡಿಯುವ ರಿಸೀವರನ್ನೂ ಮಾರುತ್ತವೆ. ರುಗರ್ ಕಂಪನಿಯ ಒಂದೇ ಒಂದು ಭಾಗವೂ ಇಲ್ಲದೆ 10/22 ಮಾದರಿಯ ರೈಫಲ್ ಕಟ್ಟಬಹುದು! ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸಿದವರಿಗೆ ಈ ಲೆಕ್ಕ ಹೊಸದಲ್ಲ.

ಹೀಗೆ ಭಾಗ ಬದಲಿಸುವವರಲ್ಲಿ ಬಹುಪಾಲು ಜನ ಮಾಡುತ್ತಿರೋದು ಹವ್ಯಾಸ. ಗುರಿ ಇನ್ನಷ್ಟು ನಿಖರವಾಗಲಿ, ಸ್ಟಾಕ್ ಭುಜಕ್ಕೆ ಸರಿಯಾಗಿ ಕೂರಲಿ ಅನ್ನೋದಷ್ಟೇ ಅವರ ಆಸೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯಲ್ಲೂ ಬಳಸೋದು .22 ರೈಫಲನ್ನೇ. ಕೆನ್ನೆ ಒರಗುವ ಜಾಗದಿಂದ ಹಿಡಿದು ಭುಜಕ್ಕೆ ತಾಗುವ ತಟ್ಟೆಯವರೆಗೆ ಅದನ್ನು ಆಟಗಾರರ ಮೈಗೆ ತಕ್ಕಂತೆ ಹೊಂದಿಸಲಾಗುತ್ತೆ. ರೈಫಲ್ ಬದಲಿಸೋದೇ ಅಪರಾಧ ಅನ್ನುವಂತಿಲ್ಲ. ಯಾವ ಬದಲಾವಣೆ ಅಪಾಯ, ಅದನ್ನು ಕಾನೂನು ಹೇಗೆ ಗುರುತಿಸುತ್ತೆ ಅನ್ನೋದು ಪ್ರಶ್ನೆ.

ಕಾನೂನಿನ ಕಣ್ಣಿಗೆ ಒಂದೇ ತುಂಡು

ಅಮೆರಿಕದ 1938ರ ಫೆಡರಲ್ ಕಾನೂನಿನಲ್ಲಿ ಬಂದೂಕಿನ ಯಾವುದೇ ಭಾಗವೂ ಬಂದೂಕೇ ಆಗಿತ್ತು. ಪ್ರತಿ ಸ್ಕ್ರೂ, ಸ್ಪ್ರಿಂಗ್‌ಗೂ ಲೆಕ್ಕ ಇಡೋದು ಆಗದ ಮಾತು ಅಂತ 1968ರಲ್ಲಿ ಅದನ್ನು ಬದಲಿಸಿದರು. ಅಂದಿನಿಂದ ಪೂರ್ತಿ ಬಂದೂಕನ್ನು ಬಿಟ್ಟರೆ ಅದರ ಫ್ರೇಮ್ ಅಥವಾ ರಿಸೀವರ್ ಮಾತ್ರ ಬಂದೂಕು. ಸೀರಿಯಲ್ ನಂಬರ್ ಇರೋದು ಅದರ ಮೇಲೆ. ಪರವಾನಗಿ ಇರುವ ಅಂಗಡಿಯವನು ಗ್ರಾಹಕನ ಹಿನ್ನೆಲೆ ತಪಾಸಣೆ ಮಾಡಿಸಬೇಕಾದದ್ದು ಅದನ್ನು ಮಾರುವಾಗ. ಸೈಲೆನ್ಸರ್‌ನಂಥ ಕೆಲವನ್ನು ಬಿಟ್ಟರೆ ಉಳಿದದ್ದೆಲ್ಲ ಬಿಡಿಭಾಗ. ಅಂಚೆಯಲ್ಲಿ ನೇರ ಮನೆಗೇ ಬರುತ್ತೆ.

ಬಿಡಿಭಾಗ ಜೋಡಿಸುತ್ತಾ ಹೋದಂತೆ ವಸ್ತುವಿನ ಹೆಸರೇ ಬದಲಾಗುತ್ತೆ. ಮೂರು ಉದಾಹರಣೆ ನೋಡಿ.

ಒಂದು: 1934ರ ಕಾನೂನಿನ ಪ್ರಕಾರ ರೈಫಲ್ ನಳಿಗೆ 16 ಇಂಚಿಗಿಂತ ಚಿಕ್ಕದಿದ್ದರೆ ವಿಶೇಷ ನೋಂದಣಿ ಬೇಕು. ಆದರೆ ರುಗರ್ ಕಂಪನಿಯೇ 10/22ರ ಯಂತ್ರಕ್ಕೆ ಗಿಡ್ಡ ನಳಿಗೆ ಹಾಕಿ, ಭುಜಕ್ಕೆ ಒರಗಿಸುವ ಸ್ಟಾಕ್ ತೆಗೆದು, ಚಾರ್ಜರ್ ಅನ್ನೋ ಹೆಸರಲ್ಲಿ ಮಾರುತ್ತೆ. ಅದು ಪಿಸ್ತೂಲು, ಹಾಗಾಗಿ ಈ ನೋಂದಣಿ ಬೇಡ. ಅದಕ್ಕೇ ಸ್ಟಾಕ್ ಸೇರಿಸಿದರೆ ಬೇಕು. ಯಂತ್ರ ಅದೇ, ಗುಂಡೂ ಅದೇ.

ಎರಡು: 10/22ಗೆ ಪಿಸ್ತೂಲು ಹಿಡಿ ಇರುವ ಸ್ಟಾಕ್ ಹಾಕಿದರೆ ನ್ಯೂಯಾರ್ಕ್‌ನ 2013ರ ಕಾನೂನಿನಲ್ಲಿ ಅದು 'ಅಸಾಲ್ಟ್ ವೆಪನ್'. ಕ್ಯಾಲಿಫೋರ್ನಿಯಾದ ಕಾನೂನು ಹಿಡಿ, ಸ್ಟಾಕ್ ಲೆಕ್ಕ ಹಾಕೋದು ಸೆಂಟರ್‌ಫೈರ್ ರೈಫಲ್‌ಗೆ ಮಾತ್ರ. ಹಾಗಾಗಿ ಅಲ್ಲಿ ಈ ರಿಮ್‌ಫೈರ್‌ಗೆ ಅದೇ ಹಿಡಿ ಹಾಕಿದರೆ ತಕರಾರಿಲ್ಲ. ಎರಡೂ ಬಂದೂಕಿನ ಬಗ್ಗೆ ಕಟ್ಟುನಿಟ್ಟಿಗೆ ಹೆಸರಾದ ರಾಜ್ಯಗಳೇ!

ಮೂರನೆಯದು ಇನ್ನೂ ಮುಖ್ಯ.

ಒಂದು ಸ್ಪ್ರಿಂಗ್‌ನಿಂದ ಲಾಸ್ ವೇಗಸ್‌ವರೆಗೆ

10/22ಗೆಂದೇ 'ಏಕಿನ್ಸ್ ಆಕ್ಸೆಲರೇಟರ್' ಅನ್ನೋ ಒಂದು ಸ್ಟಾಕ್ ಬಂದಿತ್ತು. ಗುಂಡು ಹಾರಿದಾಗಿನ ಒದೆತ ಮತ್ತು ಒಳಗಿನ ಸ್ಪ್ರಿಂಗ್ ಸೇರಿ ರೈಫಲ್ ಹಿಂದೆ ಮುಂದೆ ಜಾರುತ್ತಿತ್ತು, ಟ್ರಿಗರ್ ಮತ್ತೆ ಮತ್ತೆ ಬೆರಳಿಗೆ ಬಡಿಯುತ್ತಿತ್ತು. ಇದು ಮೆಷಿನ್ ಗನ್ ಅಲ್ಲ ಅಂತ ಬಂದೂಕು ನಿಯಂತ್ರಣ ಸಂಸ್ಥೆ ಎಟಿಎಫ್ 2002ರಲ್ಲಿ ಹೇಳಿತು. 2006ರಲ್ಲಿ ಮಾತು ಬದಲಿಸಿ ಮೆಷಿನ್ ಗನ್ನೇ ಅಂದಿತು. ಕೊಂಡವರಿಗೆ ಬಂದ ಸೂಚನೆ: ಆ ಸ್ಪ್ರಿಂಗ್ ತೆಗೆದು ಒಪ್ಪಿಸಿ. ಅಂದರೆ ಒಂದು ಸ್ಪ್ರಿಂಗ್ ಇದ್ದರೆ ಮೆಷಿನ್ ಗನ್, ಇಲ್ಲದಿದ್ದರೆ ಅಲ್ಲ.

ತಯಾರಕರಿಗೆ ದಾರಿ ಕಂಡಿತು. ಸ್ಪ್ರಿಂಗ್ ಬಿಟ್ಟು, ಆ ಕೆಲಸವನ್ನು ಶೂಟರ್‌ನ ಎಡಗೈಗೆ ವಹಿಸುವ ಬಂಪ್ ಸ್ಟಾಕ್ ಬಂತು. 2010ರಲ್ಲಿ ಎಟಿಎಫ್ ಅದಕ್ಕೆ ಹ್ಞೂಂ ಅಂದಿತು. 2017ರ ಅಕ್ಟೋಬರ್ 1ರ ರಾತ್ರಿ ಲಾಸ್ ವೇಗಸ್‌ನ ಸಂಗೀತ ಕಾರ್ಯಕ್ರಮದ ಮೇಲೆ ಒಬ್ಬ ಹೋಟೆಲ್ ಕೋಣೆಯಿಂದ ಗುಂಡಿನ ಮಳೆ ಸುರಿಸಿದ. ಅವನ ರೈಫಲ್‌ಗಳಿಗೆ ಬಂಪ್ ಸ್ಟಾಕ್ ಇತ್ತು. ಆ ರಾತ್ರಿ 58 ಜನ ಸತ್ತರು. ಮುಂದಿನ ವರ್ಷಗಳಲ್ಲಿ ಆ ಗಾಯಗಳಿಂದಲೇ ತೀರಿಕೊಂಡ ಇಬ್ಬರನ್ನು ಸೇರಿಸಿದರೆ 60.

2018ರ ಕೊನೆಯಲ್ಲಿ ಟ್ರಂಪ್ ಸರ್ಕಾರವೇ ಬಂಪ್ ಸ್ಟಾಕ್ ನಿಷೇಧಿಸುವ ನಿಯಮ ತಂದಿತು. 2024ರ ಜೂನ್ 14ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಅದನ್ನು ತಳ್ಳಿಹಾಕಿತು. ಕಾರಣ: ಟ್ರಿಗರ್‌ನ ಒಂದೇ ಕ್ರಿಯೆಗೆ ತಾನಾಗಿ ಹಲವು ಗುಂಡು ಹಾರಿದರೆ ಮಾತ್ರ ಮೆಷಿನ್ ಗನ್. ಬಂಪ್ ಸ್ಟಾಕ್‌ನಲ್ಲಿ ಪ್ರತಿ ಗುಂಡಿಗೂ ಟ್ರಿಗರ್ ಕೆಲಸ ಮಾಡುತ್ತೆ. ಯಂತ್ರಶಾಸ್ತ್ರದ ದೃಷ್ಟಿಯಿಂದ ಈ ಓದು ತಪ್ಪಲ್ಲ. ಆದರೆ ಗುಂಡು ಬರುವ ದಿಕ್ಕಿನಲ್ಲಿ ನಿಂತವರಿಗೆ ಟ್ರಿಗರ್ ಎಷ್ಟು ಸಲ ಅಲುಗಿತು ಅನ್ನೋದರಿಂದ ಏನಾಗಬೇಕು?

ಮರುವರ್ಷ ಇದೇ ಕೋರ್ಟ್ ಬೇರೆ ರೀತಿಯಲ್ಲಿ ಯೋಚಿಸಿತು. ಸೀರಿಯಲ್ ನಂಬರ್ ಇಲ್ಲದ, ಮನೆಯಲ್ಲೇ ಜೋಡಿಸುವ 'ಘೋಸ್ಟ್ ಗನ್' ಕಿಟ್‌ಗಳನ್ನೂ ಬಂದೂಕು ಅಂತಲೇ ನೋಡುವ ಎಟಿಎಫ್ ನಿಯಮವನ್ನು 2025ರ ಮಾರ್ಚ್ 26ರಂದು 7-2ರಲ್ಲಿ ಎತ್ತಿಹಿಡಿಯಿತು. ತೀರ್ಪು ಬರೆದ ನ್ಯಾಯಮೂರ್ತಿ ನೀಲ್ ಗೊರ್ಸಚ್ ಕೊಟ್ಟ ಒಂದು ಹೋಲಿಕೆ: ಐಕಿಯಾದಿಂದ ತಂದದ್ದು ಇನ್ನೂ ಜೋಡಿಸದ ಹಲಗೆಗಳಾದರೂ ನಾವು ಅದನ್ನು ಮೇಜು ಅಂತಲೇ ಕರೀತೀವಿ. ಬಂಪ್ ಸ್ಟಾಕ್ ತೀರ್ಪಿನ ಬಹುಮತದಲ್ಲೂ ಇವರಿದ್ದರು. ಕಾನೂನಿನ ಪದಗಳು ಬೇರೆ, ಹಾಗಾಗಿ ಉತ್ತರವೂ ಬೇರೆ ಅಂತ ಸಮರ್ಥಿಸಬಹುದು. ಆದರೆ ಜನರ ಪ್ರಾಣ ಪದಕೋಶದ ಮೇಲೆ ನಿಂತಿದೆ ಅನ್ನೋದು ಇದರಿಂದಲೇ ಗೊತ್ತಾಗುತ್ತೆ.

'ಯಾರು' ಅಂತ ಕೇಳದ ಕಾನೂನು

ಇಷ್ಟೊಂದು ಗೋಜಲು ಯಾಕೆ? ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ ಬಂದೂಕು ಇಟ್ಟುಕೊಳ್ಳುವ ವೈಯಕ್ತಿಕ ಹಕ್ಕನ್ನು ಕೊಡುತ್ತೆ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು, 2022ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. 'ನಿನಗ್ಯಾಕೆ ಬಂದೂಕು?' ಅಂತ ನಾಗರಿಕನನ್ನು ಸರ್ಕಾರ ಕೇಳೋದು ಅಲ್ಲಿ ಕಷ್ಟ. ವ್ಯಕ್ತಿಯನ್ನು ಮುಟ್ಟಲಾಗದ ರಾಜಕಾರಣ ವಸ್ತುವಿನ ಮೇಲೆ ಬೀಳುತ್ತೆ: ನಳಿಗೆ ಎಷ್ಟುದ್ದ, ಹಿಡಿ ಯಾವ ಆಕಾರ, ಸ್ಪ್ರಿಂಗ್ ಇದೆಯೋ ಇಲ್ಲವೋ. ಆದರೆ ಬಿಚ್ಚಿ ಜೋಡಿಸಬಹುದಾದ ವಸ್ತುವಿನ ಮೇಲೆ ಗೆರೆ ಎಳೆದರೆ, ಆ ಗೆರೆಯ ಈಚೆ ನಿಲ್ಲುವ ಹೊಸ ಭಾಗವನ್ನು ಯಾರಾದರೂ ಮಾಡಿಯೇ ಮಾಡ್ತಾರೆ.

ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ಭಾಗವೂ ಬಂದೂಕೇ, ಸದ್ದು ಅಡಗಿಸುವ ಸಾಧನವೂ ಬಂದೂಕೇ. ನಳಿಗೆ ಗಿಡ್ಡ ಮಾಡೋದಕ್ಕೂ ಪರವಾನಗಿ ಬೇಕು. ಅದಕ್ಕೂ ಮೊದಲು ಕಾಯ್ದೆ ಕೇಳೋದು 'ನೀನ್ಯಾರು, ನಿನಗ್ಯಾಕೆ ಬೇಕು?' ಅಂತ. ಕೊಡಗಿನ ಕೋವಿಗೆ ಇರುವ ವಿನಾಯಿತಿಯೂ ಅಷ್ಟೇ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಅಂತ ಅದು 'ಯಾರು' ಅನ್ನೋದರ ಮೇಲೆ ನಿಂತಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಹಾಗಂತ ನಮ್ಮದೇ ಮೇಲು ಅಂತ ಬೀಗುವಂತಿಲ್ಲ. 'ಯಾರು' ಅನ್ನೋ ಪ್ರಶ್ನೆ ಅಧಿಕಾರಿಯ ಕೈಗೆ ಹೋದಾಗ ಪ್ರಭಾವಿಗೆ ಬೇಗ ಉತ್ತರ ಸಿಗುತ್ತೆ, ಬಡವನ ಅರ್ಜಿ ಮೇಜಿನಲ್ಲೇ ಕೊಳೆಯುತ್ತೆ. ಪರವಾನಗಿಯ ಗೊಡವೆಯೇ ಇಲ್ಲದ ನಾಡ ಪಿಸ್ತೂಲುಗಳು ಈ ಕಾಯ್ದೆಯ ಕಣ್ಣಿಗೆ ಬೀಳೋದು ಗುಂಡು ಹಾರಿದ ಮೇಲೆಯೇ.

ಅಮೆರಿಕದಲ್ಲಿ ಈಗ ಗಾಳಿ ಸಡಿಲಿಕೆಯ ಕಡೆಗೇ ಬೀಸುತ್ತಿದೆ. ಸೈಲೆನ್ಸರ್ ಮತ್ತು ಗಿಡ್ಡ ನಳಿಗೆಯ ರೈಫಲ್ ಮೇಲೆ 1934ರ ಕಾನೂನು ಹಾಕಿದ್ದ 200 ಡಾಲರ್ ತೆರಿಗೆಯನ್ನು 2025ರ ಜುಲೈನಲ್ಲಿ ಸಹಿಯಾದ ಮಸೂದೆ ಸೊನ್ನೆಗಿಳಿಸಿತು. 2026ರ ಜನವರಿ 1ರಿಂದ ಅದು ಜಾರಿ. ನೋಂದಣಿ ಇನ್ನೂ ಉಳಿದಿದೆ. ಆದರೆ 1937ರಲ್ಲಿ ಕೋರ್ಟ್ ಆ ಕಾನೂನನ್ನು ಒಪ್ಪಿದ್ದೇ ಅದು ತೆರಿಗೆ ಅನ್ನೋ ಕಾರಣಕ್ಕೆ. ತೆರಿಗೆಯೇ ಇಲ್ಲದ ಮೇಲೆ ನೋಂದಣಿ ಯಾಕೆ ಅಂತ ಬಂದೂಕು ಪರ ಸಂಘಟನೆಗಳು ಈಗಾಗಲೇ ಕೋರ್ಟ್ ಮೆಟ್ಟಿಲೇರಿವೆ.

ಬಿಡಿಭಾಗದ ಹೆಸರು, ಆಕಾರ ನೋಡಿ ಬರೆದ ಕಾನೂನು ಪ್ರತಿ ಹೊಸ ಭಾಗ ಬಂದಾಗಲೂ ಹಳತಾಗುತ್ತೆ. ಜೋಡಿಸಿದ ಮೇಲೆ ಆ ವಸ್ತು ನಿಮಿಷಕ್ಕೆ ಎಷ್ಟು ಗುಂಡು ಹಾರಿಸುತ್ತೆ ಅನ್ನೋದನ್ನು ನೋಡಿ ಬರೆದರೆ ಸ್ಪ್ರಿಂಗ್ ಇದ್ದರೂ ಅಷ್ಟೇ, ಎಡಗೈ ಇದ್ದರೂ ಅಷ್ಟೇ. ಅಂಥ ಕಾನೂನಿಗೆ ಒಲಿಂಪಿಕ್ಸ್ ಶೂಟರ್‌ನ ಕೆನ್ನೆ ಹಲಗೆಯೂ ಅಡ್ಡಿಯಾಗಲ್ಲ, ಅಳಿಲು ಹೊಡೆಯುವವನ ರೈಫಲೂ ಅಡ್ಡಿಯಾಗಲ್ಲ. ಇದನ್ನು ಕೋರ್ಟಾಗಲಿ ಎಟಿಎಫ್ ಆಗಲಿ ಬರೆಯಲು ಆಗದು. ಅದು ಸಂಸತ್ತಿನ ಕೆಲಸ. ಲಾಸ್ ವೇಗಸ್ ಆಗಿ ಇಷ್ಟು ವರ್ಷ ಕಳೆದರೂ ಅಮೆರಿಕದ ಸಂಸತ್ತು ಬಂಪ್ ಸ್ಟಾಕ್ ಬಗ್ಗೆ ಒಂದು ಸಾಲಿನ ಕಾನೂನನ್ನೂ ಮಾಡಿಲ್ಲ.