ಪ್ಲೇಟ್ ಹೋಗಿದೆ ಅನ್ನೋಕೆ ಮುಂಚೆ

ಕಳೆದ ರಜೆಯಲ್ಲಿ ಸಕಲೇಶಪುರದ ಮಾವನ ಮನೆಗೆ ಹೋಗಿದ್ದೆ. ಮಾವ ಹಳೇ ಕಾರೊಂದನ್ನು ಬಾಡಿಗೆಗೆ ಓಡಿಸ್ತಾರೆ. ಹೋದ ದಿನವೇ ಅವರ ಮುಖ ಸಪ್ಪಗಿತ್ತು. ರಿವರ್ಸ್ ಹಾಕಿದರೆ ಕರಕರ ಸದ್ದು, ಫಸ್ಟ್ ಗೇರಿಗೂ ಒದ್ದಾಟ. ಗ್ಯಾರೇಜಿನವರು ಪೆಡಲ್ ಒಂದು ಸಲ ಒತ್ತಿ ನೋಡಿ, ‘ಪ್ಲೇಟ್ ಹೋಗಿದೆ, ಸೆಟ್ಟೇ ಬದಲಾಯಿಸಬೇಕು’ ಅಂತ 14,000 ರೂಪಾಯಿ ಲೆಕ್ಕ ಕೊಟ್ಟಿದ್ದರು. ‘ನೀನು ಮೆಕ್ಯಾನಿಕಲ್ ಅಲ್ವೇನೋ, ಸ್ವಲ್ಪ ನೋಡು’ ಅಂದರು ಮಾವ. 5ನೇ ಸೆಮಿಸ್ಟರ್ ಮುಗಿಸಿದ್ದ ನನಗೆ ಆ ಕ್ಷಣಕ್ಕೆ ನೆನಪಾದದ್ದು ಪ್ಯಾಸ್ಕಲ್ ನಿಯಮ ಮಾತ್ರ. ಅದೂ ವೈವಾಕ್ಕೆ ಉರು ಹೊಡೆದದ್ದು!

ಆದರೆ ಒಂದು ವಿಷಯ ಕೂಡಲಿಲ್ಲ. ಪ್ಲೇಟ್ ಸವೆದರೆ ಕ್ಲಚ್ ಜಾರಬೇಕು. ಏರಿನಲ್ಲಿ ಎಂಜಿನ್ ಕೂಗುತ್ತೆ, ಗಾಡಿ ಏರಲ್ಲ. ಮಾವನ ಕಾರು ಘಾಟಿ ಆರಾಮಾಗಿ ಹತ್ತುತ್ತಿತ್ತು. ಅಂದರೆ ಕ್ಲಚ್ ಹಿಡಿಯೋದರಲ್ಲಿ ತೊಂದರೆ ಇಲ್ಲ, ಬಿಡೋದರಲ್ಲಿ ಇದೆ. ಎಂಜಿನ್ ಆಫ್ ಮಾಡಿದರೆ ಎಲ್ಲಾ ಗೇರೂ ಬೆಣ್ಣೆಯಂತೆ ಬೀಳ್ತಿದ್ದವು, ಹಾಗಾಗಿ ಗೇರ್‌ಬಾಕ್ಸ್ ಮೇಲೂ ಅನುಮಾನ ಬರಲಿಲ್ಲ. ಪೆಡಲ್ ಸ್ಪಂಜಿನ ಹಾಗಿತ್ತು. ನಾಲ್ಕೈದು ಸಲ ಬೇಗ ಬೇಗ ತುಳಿದು ಹಾಕಿದರೆ ರಿವರ್ಸ್ ಸದ್ದಿಲ್ಲದೆ ಬಿತ್ತು, ಅರ್ಧ ನಿಮಿಷ ಬಿಟ್ಟು ನೋಡಿದರೆ ಮತ್ತೆ ಕರಕರ. ಪ್ಲೇಟ್ ಸೊಟ್ಟಗಾಗಿದ್ದರೂ ಕ್ಲಚ್ ಬಿಡಲ್ಲ ನಿಜ, ಆದರೆ ಪೆಡಲ್ ತುಳಿದು ತುಳಿದು ಸೊಟ್ಟ ಪ್ಲೇಟನ್ನು ನೆಟ್ಟಗೆ ಮಾಡೋಕಾಗಲ್ಲ. ಇದು ಲೈನಿನಲ್ಲಿ ಗಾಳಿ ಸೇರಿರೋದರ ಲಕ್ಷಣ. ಕಾಲಿಟ್ಟು ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ತಾನೇ ಕೆಳಗಿಳಿದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಅಂತ ಅನುಮಾನಿಸ್ತಿದ್ದೆ. ಇಳಿಯಲಿಲ್ಲ.

ಒಂಚೂರು ಗಾಳಿಗೆ ಇಷ್ಟೊಂದು ರಂಪ ಯಾಕೆ? ಲೆಕ್ಕ ಹಾಕಿ ನೋಡಿ. ಮಾಸ್ಟರ್ ಸಿಲಿಂಡರಿನ ವ್ಯಾಸ 16 ಮಿ.ಮೀ., ಪಿಸ್ಟನ್ ಓಡುವ ದೂರ 30 ಮಿ.ಮೀ. ಅಂದುಕೊಂಡರೆ ಒಂದು ಒತ್ತಿಗೆ ಹೋಗುವ ಎಣ್ಣೆ ಸುಮಾರು 6 ಸಿ.ಸಿ. ಒಳಗೆ 1 ಸಿ.ಸಿ. ಗಾಳಿ ಇದ್ದು ಒತ್ತಡ 20 ಬಾರ್‌ಗೆ ಏರಿದರೆ, ಬಾಯ್ಲ್ ನಿಯಮದ ಪ್ರಕಾರ ಅದು 0.05 ಸಿ.ಸಿ.ಗೆ ಕುಗ್ಗುತ್ತೆ. ಅಂದರೆ ಒತ್ತಿದ್ದರಲ್ಲಿ ಆರನೇ ಒಂದು ಭಾಗ ಗಾಳಿಯನ್ನು ಹಿಂಡೋದಕ್ಕೇ ಖರ್ಚು. ಈ ಲೆಕ್ಕ ಪಿಯುಸಿ ಹುಡುಗನಿಗೂ ಬರುತ್ತೆ, ನಮಗ್ಯಾರಿಗೂ ಕಾರಿನ ಕೆಳಗೆ ಮಲಗಿದಾಗ ನೆನಪಾಗಲ್ಲ ಅಷ್ಟೆ.

ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿದರೆ ಒಳಗೆ ಒದ್ದೆ. ಕಪ್ ಬದಲಾಯಿಸಿ ಗಾಳಿ ತೆಗೆಯೋಕೆ ಕೂತೆವು. ‘ಒತ್ತಿ ಹಿಡೀರಿ ಮಾವ’, ‘ಹಿಡಿದೀನಿ’, ನಿಪ್ಪಲ್ ಸಡಿಲ, ಪಾರದರ್ಶಕ ಪೈಪಿನಲ್ಲಿ ಗುಳ್ಳೆ, ನಿಪ್ಪಲ್ ಬಿಗಿ, ‘ಈಗ ಬಿಡಿ’. ನಿಪ್ಪಲ್ ಬಿಗಿ ಮಾಡೋ ಮೊದಲೇ ಮಾವ ಒಂದು ಸಲ ಕಾಲು ಬಿಟ್ಟು, ಗಾಳಿ ಮತ್ತೆ ಒಳಗೆ ಹೋಗಿ, ಮೊದಲಿಂದ ಶುರು ಮಾಡಬೇಕಾಯ್ತು. ಅತ್ತೆ ಟಾರ್ಚ್ ಹಿಡಿದು ನಗ್ತಾ ನಿಂತಿದ್ದರು. ಖರ್ಚು 1,000 ದಾಟಲಿಲ್ಲ.

ಗ್ಯಾರೇಜಿನವರು ಮೋಸಗಾರರು ಅಂತ ನಾನು ಹೇಳ್ತಿಲ್ಲ. ಗಮ್ಮತ್ತು ಏನಂದ್ರೆ, ಪ್ಲೇಟ್ ಬದಲಾಯಿಸಿದ ಮೇಲೆ ಸಾಮಾನ್ಯವಾಗಿ ಲೈನಿನ ಗಾಳಿಯನ್ನೂ ತೆಗೀತಾರೆ. ತೊಂದರೆ ಹೋಗುತ್ತೆ. ಪ್ಲೇಟೇ ಕಾರಣ ಅಂತ ಮೆಕ್ಯಾನಿಕ್ಕೂ ನಂಬ್ತಾನೆ, ಗಿರಾಕಿಯೂ ನಂಬ್ತಾನೆ. ಕಪ್ ಸೋರುತ್ತಲೇ ಇದ್ದರೆ ಕೆಲವು ವಾರಕ್ಕೆ ಮತ್ತೆ ಅದೇ ಪಾಡು. ತಪ್ಪು ರೋಗನಿರ್ಣಯಕ್ಕೆ ಇಷ್ಟು ಚೆನ್ನಾಗಿ ಬೆನ್ನು ತಟ್ಟುವ ರಿಪೇರಿ ಬೇರೊಂದಿಲ್ಲ.

ನಮ್ಮ ಲ್ಯಾಬಿನಲ್ಲೂ ಕೆಂಪು, ಹಳದಿ ಬಣ್ಣ ಬಳಿದ ಕ್ಲಚ್ಚಿನ ಕಟ್ ಸೆಕ್ಷನ್ ಮಾಡೆಲ್ ಇದೆ. ಭಾಗಗಳ ಹೆಸರು ಬರೆದು ಹತ್ತಕ್ಕೆ ಹತ್ತು ತಗೊಂಡವನು ನಾನೂ ಒಬ್ಬ. ಅದರ ಪಕ್ಕದಲ್ಲಿ ಗುಜರಿಯಿಂದ ತಂದ ಪೆಡಲ್, ಎರಡು ಸಿಲಿಂಡರ್, ಒಂದು ಪೈಪ್ ಇಡಿ ಅಂತ ಡಿಪಾರ್ಟ್‌ಮೆಂಟಿಗೆ ನನ್ನ ಮನವಿ. ಪರೀಕ್ಷೆಯ ದಿನ ಒಂದಕ್ಕೆ ಗಾಳಿ ತುಂಬಿ, ಇನ್ನೊಂದರ ಸೀಲ್ ಕೆಡಿಸಿ, ‘ಏನಾಗಿದೆ ಹೇಳು’ ಅಂತ ಕೇಳಿ. ಉತ್ತರ ತಪ್ಪಾದರೆ ಫೇಲ್ ಮಾಡಿ, ಪರವಾಗಿಲ್ಲ.

ಅಂದಹಾಗೆ, ಮನೆ ಕಾರಿನಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಎಣ್ಣೆ ಡಬ್ಬಿ ಇದ್ದರೆ ಇವತ್ತೇ ಬಾನೆಟ್ ಎತ್ತಿ ನೋಡಿ. ಅಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಕ್ಲಚ್ಚಿನ ತೂತು ಮೇಲಿರುತ್ತೆ, ಎಣ್ಣೆ ಕಡಿಮೆಯಾದರೆ ಮೊದಲು ಕ್ಲಚ್ ಕೈಕೊಡಲಿ, ಬ್ರೇಕ್ ಉಳಿಯಲಿ ಅಂತ. ಮಾವನ ಡಬ್ಬಿ ಕನಿಷ್ಠ ಗೆರೆಗಿಂತ ಎರಡು ಬೆರಳು ಕೆಳಗಿತ್ತು. ಅದೇ ಕಾರಿನಲ್ಲಿ ಅವರು ಹಿಂದಿನ ವಾರ ಶಿರಾಡಿ ಘಾಟಿ ಇಳಿದು ಬಂದಿದ್ದರು.