ಬೆರಳು ಚಾಚೋ ಮೊದಲು ಕೇಳಬೇಕಾದ್ದು



ಮರೆವಿನ ಕಾಯಿಲೆಯನ್ನು ಬೇಗ ಪತ್ತೆ ಹಚ್ಚೋ ಚಿಪ್ ಬರ್ತಿದೆ ಅಂತ ಸುಮಾರು ಜನ ಹಂಚಿಕೊಳ್ತಿದ್ದೀರಿ. ಇಡೀ ಲ್ಯಾಬನ್ನೇ ಅಂಗೈಯಷ್ಟಕ್ಕೆ ಕುಗ್ಗಿಸಿ, ಕೂದಲೆಳೆಯಂಥ ಕಾಲುವೆಗಳಲ್ಲಿ ಒಂದು ಹನಿ ರಕ್ತ ಹರಿಸಿ, ಅಲ್ಜೈಮರ್‌ನ ಸುಳಿವು ಕೊಡೋ ಟೌ ಪ್ರೋಟೀನನ್ನು ಹಿಡಿಯೋದು. ಇನ್ನೂ ಸಂಶೋಧನೆಯ ಹಂತ. ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕ ರಕ್ತಪರೀಕ್ಷೆ ಕೂಡ ದೊಡ್ಡ ಲ್ಯಾಬಿನ ಯಂತ್ರದ್ದೇ.

ನನಗಂತೂ ಈ ಚಿಪ್ ಬೇಕು. ಈಗ ಮರೆವು ಅಳೆಯೋದು ಹೆಚ್ಚಾಗಿ ಕಾಗದ-ಪೆನ್ನಿನಲ್ಲಿ. ಒಂದು ವಾಕ್ಯ ಬರಿ, ಗಡಿಯಾರದ ಚಿತ್ರ ಬಿಡಿಸು, ನೂರರಿಂದ ಏಳೇಳು ಕಳೀತಾ ಹೋಗು. ಶಾಲೆ ಮೆಟ್ಟಿಲು ಹತ್ತೋಕೆ ಬಿಡದ ಕಾಲದಲ್ಲಿ ಹುಟ್ಟಿದ ನಮ್ಮ ಅವ್ವಂದಿರು ಮರೆವಿಲ್ಲದಿದ್ದರೂ ಇದರಲ್ಲಿ ಫೇಲ್. ಅನಕ್ಷರಸ್ಥರಿಗೆಂದೇ ಬೇರೆ ಪರೀಕ್ಷೆಗಳಿವೆ, ಮಾಡೋರು ಬೇಕಲ್ಲ. ನಿಜಕ್ಕೂ ಕಾಯಿಲೆ ಇದ್ದವರಿಗೆ ‘ಅರಳುಮರಳು, ಬಿಡಿ’ ಅನ್ನೋ ಉತ್ತರ. ರಕ್ತವಾದರೆ ಎಷ್ಟನೇ ಕ್ಲಾಸು ಅಂತ ಕೇಳಲ್ಲ.

ಸಣ್ಣ ಯಂತ್ರ ಹಳ್ಳಿಗೆ ಬರಲ್ಲ ಅನ್ನಬೇಡಿ. ಬ್ಯಾಟರಿಯಲ್ಲಿ ನಡೆಯೋ ಟ್ರೂನ್ಯಾಟ್ ಟಿಬಿ ಪತ್ತೆಗೆ ಸರ್ಕಾರಿ ಆಸ್ಪತ್ರೆಗಳಿಗೆ ಬಂದಿದೆ. ಆದರೆ ಟಿಬಿ ಅಂತ ಗೊತ್ತಾದರೆ ಪುಕ್ಕಟೆ ಮಾತ್ರೆ ಇದೆ. ಅಲ್ಜೈಮರ್ ಅಂತ ಗೊತ್ತಾದರೆ? ಲೆಕಾನೆಮ್ಯಾಬ್ ಅನ್ನೋ ಔಷಧಿ ಕಾಯಿಲೆಯನ್ನು ಸ್ವಲ್ಪ ನಿಧಾನ ಮಾಡುತ್ತೆ, ಅಷ್ಟೇ. ಅಮೆರಿಕದಲ್ಲಿ ಅದಕ್ಕಿಟ್ಟ ಬೆಲೆ ವರ್ಷಕ್ಕೆ 26,500 ಡಾಲರ್!

ಶಿವಮೊಗ್ಗ ಜಿಲ್ಲೆಯವರಿಗೆ ಹಂದಿಗೋಡು ನೆನಪಿರಬೇಕು. ಅದು ಮೆದುಳಿನ ಕಾಯಿಲೆಯಲ್ಲ, ಮೂಳೆ-ಕೀಲಿನದ್ದು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂತು. ಸೊಂಟ ಹಿಡಿದು, ನಡಿಗೆ ಕಿತ್ತುಕೊಂಡದ್ದು ಹೆಚ್ಚಾಗಿ ಚಲವಾದಿ, ಚನ್ನಂಗಿ ಸಮುದಾಯದ ನಮ್ಮವರದ್ದು. ಐಸಿಎಂಆರ್‌ನವರು ಬಂದರು, ರಕ್ತ ತಗೊಂಡರು, ಎಕ್ಸ್‌ರೇ ತೆಗೆದರು, ವಂಶವೃಕ್ಷ ಬರೆದುಕೊಂಡರು. ಪ್ರಬಂಧಗಳು ಬಂದವು. ವಾಸಿ ಮಾಡೋ ಮದ್ದು ಬರಲಿಲ್ಲ.

ಹಾಗಾಗಿ ನಾಳೆ ಹೊಳಲೂರಿಗೆ ಈ ಚಿಪ್ ಬಂದರೆ ಬೆರಳು ಚಾಚೋ ಮೊದಲೇ ಕೇಳೋಣ. ಫಲಿತಾಂಶವನ್ನು ಕನ್ನಡದಲ್ಲಿ ಕೂತು ಹೇಳೋರು ಯಾರು? ನಮ್ಮ ರಕ್ತದ ಮಾಹಿತಿ ಯಾರ ಕೈಗೆ ಹೋಗುತ್ತೆ? ಬಿ12 ಕೊರತೆಯಿಂದ, ಥೈರಾಯ್ಡ್‌ನಿಂದಲೂ ಮರೆವು ಬರುತ್ತೆ, ಅದಕ್ಕೆ ಔಷಧಿಯೂ ಇದೆ; ಆ ಪರೀಕ್ಷೆ ಊರಲ್ಲೇ ಯಾಕಿಲ್ಲ? ಅಪ್ಪನನ್ನು ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯೋ ಮಗಳ ಕೂಲಿ ಯಾರು ಕೊಡ್ತಾರೆ? ಅವಳು ಅಡಿಕೆ ಸುಲಿಯೋಕೆ ಹೋದ ದಿನ ಮನೆಯಲ್ಲಿ ಅವರನ್ನು ಕಾಯೋರು ಯಾರು?

ಇವನ್ನು ಗ್ರಾಮಸಭೆಯ ನಡಾವಳಿಯಲ್ಲೇ ಬರೆಸಬೇಕು. ಓದುತ್ತಿರೋ ಆಶಾ ಅಕ್ಕಂದಿರೇ, ನಿಮ್ಮ ಕೇರಿಯಲ್ಲಿ ಮರೆವು ಹತ್ತಿದ ಹಿರಿಯರು ಎಷ್ಟು ಮಂದಿ ಅಂತ ಕೆಳಗೆ ಬರೀರಿ. ಹೆಸರು ಬೇಡ, ಸಂಖ್ಯೆ ಸಾಕು.